ನಾಯಿಯ ಕಿವಿ ಸೋರುತ್ತಿದೆಯೇ?

ರಾಯದುರ್ಗ, ಮಡಕಶಿರಾ ಸೀಮೆಯ ಕೇಳುಗರೇ, ಕುರಿಹಟ್ಟಿಯ ನಾಯಿಗೆ ಕಿವಿ ಮಂದವಾದರೆ ತೋಳಕ್ಕೆ ದಾರಿ ಸುಲಭ. ನೀವು ಕಿವಿ ಎನ್ನಿ, ಚೆವಿ ಎನ್ನಿ, ಸೋರುವ ರೋಗ ಒಂದೇ.

ನಾಯಿಯ ಕಿವಿನಾಳ ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಹೀಗಾಗಿ ಕೊಳೆ, ತೇವ ಅಲ್ಲಿಯೇ ನಿಲ್ಲುತ್ತವೆ. ಉಣ್ಣೆ, ಹುಲ್ಲಿನ ಮುಳ್ಳು ಸೇರಿದರೂ ಕೆರೆತ ಹತ್ತುತ್ತದೆ. ತಲೆ ಒದರುವುದು, ದುರ್ವಾಸನೆ, ಕೀವು ಕಂಡರೆ ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯ ತಮಟೆ ಹರಿದಿದ್ದರೆ ಸುರಿದ ಔಷಧಿಯೇ ಕಿವುಡು ತರಬಹುದು. ಕಾಯಿಸಿದ ಎಣ್ಣೆ, ಬೆಂಕಿಕಡ್ಡಿ ಖಂಡಿತ ಬೇಡ.

ವೈದ್ಯರು ಹೇಳಿದ ದ್ರಾವಣವನ್ನು ಕಿವಿಗೆ ತುಂಬಿ, ಕಿವಿಯ ಬುಡವನ್ನು ಅರ್ಧ ನಿಮಿಷ ಮೃದುವಾಗಿ ನೀವಿರಿ. ನಾಯಿ ತಲೆ ಒದರಲಿ. ಹೊರಬಂದ ಕೊಳೆಯನ್ನು ಹತ್ತಿಯಿಂದ ಒರಸಿ.

ವಾಸಿಯಾದದ್ದು ಮತ್ತೆ ಮತ್ತೆ ಮರುಕಳಿಸಿದರೆ, ನಾಯಿ ಪಾದ ನೆಕ್ಕುತ್ತಲೇ ಇದ್ದರೆ, ಆಹಾರ ಒಗ್ಗದಿರಬಹುದು. ವೈದ್ಯರನ್ನು ಕೇಳಿ, ಅದು ಹಿಂದೆ ತಿನ್ನದ ಒಂದೇ ಬಗೆಯ ಮಾಂಸ, ಒಂದೇ ಧಾನ್ಯವನ್ನು 8 ವಾರ ಕೊಟ್ಟು ನೋಡಿ. ಅಲ್ಲಿಯವರೆಗೆ ಹಾಲು, ಮೊಟ್ಟೆ, ಮಕ್ಕಳು ಹಾಕುವ ಬಿಸ್ಕತ್ತೂ ಬೇಡ. ಆಮೇಲೆ ಹಳೆಯ ಊಟಕ್ಕೆ ಕೆರೆತ ಮರಳಿದರೆ ಕಾರಣ ಸಿಕ್ಕಿತೆನ್ನಿ. ಆದರೆ ಊಟ ಬದಲಿಸಿದ ಮಾತ್ರಕ್ಕೆ ಕೀವು ಒಣಗದು. ಔಷಧಿಯನ್ನು ಹೇಳಿದಷ್ಟು ದಿನ ಹಾಕಿ.