ಕರುಳಿನ ಕಾವಲು ಮತ್ತು ಮಿದುಳಿನ ಒಂದು ವ್ಯಾಧಿ

(ಸಂಘದ ವಾರ್ಷಿಕೋತ್ಸವದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಭಾಷೆ ಸಾಹಿತ್ಯಗಳ ವಿಚಾರವನ್ನು ಈ ವೇದಿಕೆಯಲ್ಲಿ ಬಲ್ಲವರು ಈಗಾಗಲೇ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಶರೀರದ ವಿಚಾರ. ಅದರಲ್ಲಿಯೂ ಹೆಸರು ಹೇಳುವುದಕ್ಕೇ ನಾಲಗೆ ತೊಡರುವ ಒಂದು ವ್ಯಾಧಿಯ ವಿಚಾರ. 'ಮಲ್ಟಿಪಲ್ ಸ್ಕ್ಲೆರೋಸಿಸ್' ಎಂಬ ಈ ಹೆಸರಿಗೆ ನಮ್ಮ ಮನೆಮಾತಿನಲ್ಲಿ ರೂಢಿಯಾದ ಪದವಿಲ್ಲ. ಪದವಿಲ್ಲವೆಂದ ಮಾತ್ರಕ್ಕೆ ವ್ಯಾಧಿಯೂ ಇಲ್ಲವೆಂದಾಗದಷ್ಟೆ. ಹೆಸರು ತಿಳಿಯದ ಕಾರಣದಿಂದಲೇ ಅದು ನಿಶ್ಶಕ್ತಿಯೆಂದೂ ವಾತವೆಂದೂ ದೃಷ್ಟಿ ತಾಗಿದ್ದೆಂದೂ ಕರೆಯಿಸಿಕೊಂಡು, ಚಿಕಿತ್ಸೆಗೆ ಸಲ್ಲಬೇಕಾದ ವರ್ಷಗಳು ವ್ಯರ್ಥವಾಗಿ ಕಳೆದುಹೋಗುತ್ತವೆ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಇಪ್ಪತ್ತರಿಂದ ನಲವತ್ತು ವಯಸ್ಸಿನೊಳಗೆ; ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಓದು ಮುಗಿಸಿ ಕೆಲಸಕ್ಕೆ ಸೇರಿದ ಮಗಳು, ಎಳೆಯ ಮಕ್ಕಳ ತಾಯಿ, ಇಂಥವರೇ ಅದರ ಗುರಿಯಾಗುತ್ತಾರೆ.

1868ರಲ್ಲಿ ಪ್ಯಾರಿಸ್ ನಗರದ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯನು ಇದರ ಸ್ವರೂಪವನ್ನು ಸ್ಪಷ್ಟವಾಗಿ ವರ್ಣಿಸಿದನು. ರೋಗಿಗಳ ಮಿದುಳು ಬೆನ್ನುಹುರಿಗಳಲ್ಲಿ ಅಲ್ಲಲ್ಲಿ ಗಟ್ಟಿಯಾದ ಕಲೆಗಳು ಕಂಡವು; ವ್ಯಾಧಿಯ ಹೆಸರು ಹುಟ್ಟಿದ್ದು ಆ ಕಲೆಗಳಿಂದಲೇ. ವಿದ್ಯುತ್ತಿನ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಈ ಹೊದಿಕೆಯನ್ನು ಶತ್ರುವೆಂದು ಬಗೆದು ಕೆಡಿಸತೊಡಗಿದರೆ ಸಂದೇಶಗಳು ತಡವರಿಸುತ್ತವೆ. ಒಂದು ಕಣ್ಣು ಮಂಜಾಗುತ್ತದೆ, ಕಾಲು ಜೋಮುಗಟ್ಟುತ್ತದೆ, ನಡಿಗೆ ತೂರಾಡುತ್ತದೆ. ಕೆಲವು ವಾರಗಳ ಮೇಲೆ ಎಲ್ಲವೂ ತಾನಾಗಿ ಸರಿಹೋದಂತೆ ತೋರುತ್ತದೆ. ಮನೆಯವರು ನಿಟ್ಟುಸಿರು ಬಿಡುವ ಈ ಬಿಡುವೇ ಮೋಸದ ಬಿಡುವು.

ಇದು ಏಕೆ ಬರುತ್ತದೆ? ನಮ್ಮ ಕಾಸರಗೋಡಿನವರು ದೊಡ್ಡ ಕಾಯಿಲೆಗೆಲ್ಲ ಹೋಗುವ ಮಂಗಳೂರಿನ ನಗರಪ್ರದೇಶದಲ್ಲಿಯೇ ಒಂದು ಗಣತಿ ನಡೆದು, ಅದರ ಫಲ 2014ರಲ್ಲಿ ಪ್ರಕಟವಾಯಿತು: ಲಕ್ಷ ಜನಕ್ಕೆ ಸುಮಾರು 8 ಮಂದಿ ರೋಗಿಗಳು. ಬ್ರಿಟನ್ನಿನಲ್ಲಿ ಈ ಸಂಖ್ಯೆ ಲಕ್ಷಕ್ಕೆ ಇನ್ನೂರರ ಆಸುಪಾಸು. ಹಾಗಾದರೆ ನಮ್ಮ ರಕ್ತವೇ ನಮ್ಮನ್ನು ಕಾಯುತ್ತಿದೆಯೆ? ಆ ಸಮಾಧಾನಕ್ಕೂ ಎಡೆಯಿಲ್ಲ. ಭಾರತವೇ ಮೊದಲಾದ ದೇಶಗಳಿಂದ ಬ್ರಿಟನ್ನಿಗೆ ಹೋಗಿ ನೆಲೆಸಿದವರ, ಅಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಈ ವ್ಯಾಧಿ ಅಲ್ಲಿಯ ಜನರಲ್ಲಿರುವ ಪ್ರಮಾಣಕ್ಕೆ ಸಮೀಪವಾಗಿಯೇ ಇದೆಯೆಂದು 1990ರ ಒಂದು ಅಧ್ಯಯನ ತೋರಿಸಿತು. ವಂಶದ ಪಾತ್ರವಿದೆ, ಆದರೆ ಮಗುವು ಬೆಳೆಯುವ ನೆಲದಲ್ಲಿಯೂ ಏನೋ ಇದೆ.

ಆ 'ಏನೋ' ಎಂಬುದರ ಒಂದು ಭಾಗ ಎಪ್ಸ್ಟೀನ್-ಬಾರ್ ಎಂಬ ವೈರಾಣು. ಅಮೆರಿಕದ ಒಂದು ಕೋಟಿಗೂ ಮಿಕ್ಕ ಸೈನಿಕರ ದಾಖಲೆಗಳನ್ನು ಆಧರಿಸಿದ 2022ರ ಸಂಶೋಧನೆಯಂತೆ, ಅದರ ಸೋಂಕಾದ ಮೇಲೆ ಈ ರೋಗದ ಅಪಾಯ 32 ಪಾಲು ಏರುತ್ತದೆ. ಆದರೆ ಆ ವೈರಾಣು ಲೋಕದ ಬಹುಪಾಲು ವಯಸ್ಕರ ಮೈಯಲ್ಲಿಯೂ ಇದೆ. ರೋಗ ಬರುವುದು ಕೆಲವೇ ಮಂದಿಗೆ. ಆದುದರಿಂದ ಬೇರೊಂದು ಕಡೆಗೂ ನೋಡಬೇಕಾಯಿತು. ಆ ಕಡೆಯೇ ಕರುಳು.

ಕನ್ನಡಿಗರಾದ ನಮಗೆ ಇದು ಅಷ್ಟೊಂದು ವಿಚಿತ್ರವೆನಿಸಲಾರದು. ದುಃಖವಾದರೆ ಕರುಳು ಚುರುಕ್ಕೆನ್ನುತ್ತದೆ, ಮಮತೆಯೆಂದರೆ ಕರುಳಿನ ಸಂಬಂಧ ಎನ್ನುವವರು ನಾವು. ಇದರಿಂದ ಶಾಸ್ತ್ರವೇನೂ ಸಿದ್ಧವಾಗದು, ಕೇಳುವುದಕ್ಕೆ ಹಿತವಾಗಿದೆಯಷ್ಟೆ. ಶಾಸ್ತ್ರದ ಮಾತು ಹೀಗಿದೆ. ದೇಹದ ರೋಗರಕ್ಷಣೆಯ ಕಣಗಳಲ್ಲಿ ಬಹುಭಾಗ ನೆಲೆಸಿರುವುದು ಕರುಳಿನ ಗೋಡೆಯ ಸುತ್ತಮುತ್ತ. ಅಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಬೀಡುಬಿಟ್ಟಿವೆ. ದಿನಕ್ಕೆ ಹಲವು ಸಲ ಹೊರಗಿನ ಆಹಾರವೂ ಹಾದುಹೋಗುತ್ತದೆ. ಗಡಿಯಲ್ಲಿ ಬಾಳುವ ನಮಗೆ ತಲಪಾಡಿಯ ತನಿಖಾ ಠಾಣೆ ಗೊತ್ತು. ಎಲ್ಲರನ್ನೂ ತಡೆದರೆ ಊರು ನಡೆಯದು, ಎಲ್ಲರನ್ನೂ ಬಿಟ್ಟರೆ ಠಾಣೆ ಏಕೆ? ಕರುಳಿನ ಕಾವಲೂ ಇಂಥದೇ. ಯಾರನ್ನು ಸಹಿಸಬೇಕು, ಯಾರ ಮೇಲೆ ಬೀಳಬೇಕೆಂಬ ಪಾಠವನ್ನು ರಕ್ಷಣಾಕಣಗಳು ಅಲ್ಲಿ ಕಲಿಯುತ್ತವೆ. ಕಲಿತ ಕಣಗಳು ಅಲ್ಲಿಯೇ ನಿಲ್ಲದೆ ರಕ್ತದೊಡನೆ ದೇಹವೆಲ್ಲ ಸಂಚರಿಸುತ್ತವೆ.

ಜರ್ಮನಿಯ ಮ್ಯೂನಿಕ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಹಾರ್ಟ್‌ಮುಟ್ ವೆಕರ್ಲೆ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅವರ ಬಳಿ ಒಂದು ತಳಿಯ ಇಲಿಗಳಿದ್ದವು. ಮಯಲಿನ್ನಿನ ಮೇಲೆ ಬೀಳಬಲ್ಲ ರಕ್ಷಣಾಕಣಗಳು ಹುಟ್ಟಿನಿಂದಲೇ ಹೇರಳವಾಗಿರುವಂತೆ ಅವನ್ನು ರೂಪಿಸಿದ್ದರು. ಅವುಗಳಲ್ಲಿ ಬಹುಪಾಲು ಇಲಿಗಳಿಗೆ ಮನುಷ್ಯರ ವ್ಯಾಧಿಯನ್ನು ಹೋಲುವ ರೋಗ ತಾನಾಗಿ ಬರುತ್ತಿತ್ತು. ಅದೇ ತಳಿಯ ಮರಿಗಳನ್ನು ಒಂದೂ ಸೂಕ್ಷ್ಮಜೀವಿ ಸೋಂಕದ ಗೂಡುಗಳಲ್ಲಿ ಬೆಳೆಸಿದಾಗ ಅವು ಆರೋಗ್ಯವಾಗಿಯೇ ಉಳಿದವು. ಸಾಮಾನ್ಯ ಇಲಿಗಳ ಕರುಳಿನಲ್ಲಿರುವ ನಿರಪಾಯದ ಜೀವಿಗಳನ್ನು ಅವುಗಳಿಗೆ ಕೊಟ್ಟ ಮೇಲೆ ರೋಗ ತಲೆದೋರಿತು. ಮದ್ದು ತುಂಬಿದ ಬಂದೂಕು ಮೊದಲಿನಿಂದಲೂ ಇತ್ತು. ಕುದುರೆ ಎಳೆದ ಕೈ ಕರುಳಿನಿಂದ ಬಂತು.

ಇಲಿಯ ಮಾತು ಇಲಿಗೆ, ಮನುಷ್ಯನಿಗೇನು ಎಂದು ತಾವು ಕೇಳಬಹುದು, ಕೇಳತಕ್ಕದ್ದೇ. ಅದೇ ನಗರದ ಸಂಶೋಧಕರು 34 ಜೋಡಿ ಏಕರೂಪದ ಅವಳಿಗಳನ್ನು ಆರಿಸಿಕೊಂಡರು. ಪ್ರತಿ ಜೋಡಿಯಲ್ಲಿಯೂ ಒಬ್ಬರಿಗೆ ರೋಗ, ಇನ್ನೊಬ್ಬರು ಸ್ವಸ್ಥರು. ಕೆಲವು ಜೋಡಿಗಳ ಮಲದಲ್ಲಿದ್ದ ಸೂಕ್ಷ್ಮಜೀವಿಗಳನ್ನು ಮೇಲೆ ಹೇಳಿದ ಬಗೆಯ ಇಲಿಗಳಿಗೆ ಸೇರಿಸಿದಾಗ, ರೋಗಿಯಾದ ಅವಳಿಯಿಂದ ಪಡೆದ ಇಲಿಗಳಲ್ಲಿ ಹೆಚ್ಚಿನವಕ್ಕೆ ರೋಗ ಬಂತು. ಇದು 2017ರ ಮಾತು. ಸ್ವಾರಸ್ಯವೆಂದರೆ, ಬರಿಯ ಎಣಿಕೆಯಲ್ಲಿ ಅವಳಿಗಳಿಬ್ಬರ ಸೂಕ್ಷ್ಮಜೀವಿಗಳ ನಡುವೆ ದೊಡ್ಡ ಅಂತರವೇನೂ ಕಂಡಿರಲಿಲ್ಲ.

2022ರಲ್ಲಿ ಹಲವು ದೇಶಗಳ ಸಂಶೋಧಕರು 576 ರೋಗಿಗಳನ್ನೂ, ಅವರೊಡನೆ ಒಂದೇ ಮನೆಯಲ್ಲಿ ವಾಸಿಸುವ ಅಷ್ಟೇ ಮಂದಿ ಸ್ವಸ್ಥರನ್ನೂ ಹೋಲಿಸಿದರು. ಒಂದೇ ಅಡಿಗೆಯನ್ನು ಉಣ್ಣುವವರನ್ನು ಹೋಲಿಸಿದ್ದು ಜಾಣತನವೆಂದು ನಮಗೆ ತೋರುತ್ತದೆ. ಅಲ್ಲಿ ಕೆಲವು ಜಾತಿಯ ಜೀವಿಗಳು ರೋಗಿಗಳಲ್ಲಿ ಹೆಚ್ಚಾಗಿಯೂ ಕೆಲವು ಕಡಿಮೆಯಾಗಿಯೂ ಕಂಡವು. ಆದರೆ ಹೆಚ್ಚಾದುದೆಲ್ಲ ಕೇಡಿನದೆನ್ನುವಂತಿಲ್ಲ. ಕರುಳಿನ ಕಾವಲಿನಿಂದ ಮಿದುಳಿಗೆ ಒಳಿತೂ ಆಗಬಹುದು. ಕರುಳಿನಲ್ಲಿ ಹುಟ್ಟಿದ ಕೆಲವು ಕಣಗಳು ಮಿದುಳಿಗೆ ಹೋಗಿ ಅಲ್ಲಿಯ ಉರಿಯೂತವನ್ನು ತಗ್ಗಿಸುತ್ತವೆಂದು 2019ರಲ್ಲಿ ಇಲಿಗಳಲ್ಲಿ ತಿಳಿದುಬಂದಿದೆ.

ಜಂತುಹುಳುವಿನ ಕಥೆಯನ್ನೂ ಹೇಳಿಬಿಡೋಣ. ಅರ್ಜೆಂಟೀನದಲ್ಲಿ ಕರುಳಿನಲ್ಲಿ ಪರೋಪಜೀವಿಗಳಿದ್ದ 12 ರೋಗಿಗಳಿಗೆ, ಅವಿಲ್ಲದ 12 ಮಂದಿಗಿಂತ ರೋಗದ ಮರುಕಳಿಕೆ ಬಹಳ ಕಡಿಮೆಯೆಂದು 2007ರಲ್ಲಿ ವರದಿಯಾಯಿತು. ಮುಂದೆ ಅವರಲ್ಲಿ ನಾಲ್ವರಿಗೆ ಹುಳುವಿನ ಔಷಧಿ ಕೊಡಬೇಕಾಗಿ ಬಂದಾಗ ರೋಗ ಮತ್ತೆ ಚುರುಕಾಯಿತು. ಹಾಗೆಂದು ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಾಯಂದಿರು ತಪ್ಪಿಸಬಾರದು. ರಕ್ತಹೀನತೆ ನಮ್ಮಲ್ಲಿ ನಿತ್ಯದ ಶತ್ರು. ಬ್ರಿಟನ್ನಿನಲ್ಲಿ 71 ರೋಗಿಗಳ ಮೇಲೆ ಕೊಕ್ಕೆಹುಳುವಿನ ಮರಿಗಳನ್ನು ಪರೀಕ್ಷಿಸಿ 2020ರಲ್ಲಿ ಫಲ ಪ್ರಕಟಿಸಿದಾಗ, ಮಿದುಳಿನ ಹೊಸ ಕಲೆಗಳ ವಿಷಯದಲ್ಲಿ ನಿರ್ಣಾಯಕವಾದ ಅಂತರ ಸಿಕ್ಕಲಿಲ್ಲ.

ಕರುಳಿನ ಮಾತು ಹೊರಬಿದ್ದೊಡನೆ ಕರುಳು ಶುದ್ಧಿಯ ಪುಡಿ, ಸೂಕ್ಷ್ಮಜೀವಿಗಳ ಡಬ್ಬಿ, ಪಥ್ಯದ ಪಟ್ಟಿ ಇವುಗಳನ್ನು ಮಾರುವವರೂ ಹೊರಟಿದ್ದಾರೆ. ಈ ವ್ಯಾಧಿಯನ್ನು ಗುಣಪಡಿಸುವ ಪಥ್ಯ ಯಾವುದೂ ಇದುವರೆಗೆ ಸಿದ್ಧಪಟ್ಟಿಲ್ಲವೆಂಬುದನ್ನು ಗಟ್ಟಿಯಾಗಿ ಹೇಳುತ್ತೇವೆ. ಮರುಕಳಿಕೆಯನ್ನು ತಡೆಯಬಲ್ಲ ಔಷಧಿಗಳು ಇಂದು ಹಲವಿವೆ. ಮೈ ಹಗುರಾಯಿತೆಂದು ಅವನ್ನು ನಡುವೆ ಬಿಟ್ಟು ಪುಡಿಯ ಮೊರೆಹೊಗುವವರು, ಒಮ್ಮೆ ಹೋದರೆ ಪೂರ್ತಿ ಮರಳದ ಶಕ್ತಿಯನ್ನು ಪಣವಿಡುತ್ತಾರೆ.

ನಮ್ಮ ಕುಚ್ಚಲಕ್ಕಿಯ ಗಂಜಿ, ಹುರುಳಿ, ಸೊಪ್ಪು, ತರಕಾರಿ ಒಳ್ಳೆಯದಲ್ಲವೆ ಎಂದು ಭಾಷಣಕ್ಕೆ ಮೊದಲೇ ಕೆಲವರು ಕೇಳಿದರು. ನಾರಿನಂಶವನ್ನು ಕರುಳಿನ ಜೀವಿಗಳು ಹುದುಗಿಸಿದಾಗ ಪ್ರೊಪಿಯಾನಿಕ್ ಆಮ್ಲದಂತಹ ವಸ್ತುಗಳು ಹುಟ್ಟುತ್ತವೆ. ಅದು ಈ ರೋಗಿಗಳಲ್ಲಿ ಕಡಿಮೆಯೆಂದೂ, ಎರಡು ವಾರ ಕೊಟ್ಟಾಗ ಉದ್ರೇಕವನ್ನು ಶಮನಗೊಳಿಸುವ ಕಣಗಳು ಹೆಚ್ಚಿದವೆಂದೂ ಜರ್ಮನಿಯ ಬೋಖುಮ್ ನಗರದ ಸಂಶೋಧಕರು 2020ರಲ್ಲಿ ತಿಳಿಸಿದ್ದಾರೆ. ಗಂಜಿಯನ್ನು ಧಾರಾಳವಾಗಿ ಉಣ್ಣಿರಿ. ಔಷಧಿಯ ಬದಲಿಗೆ ಮಾತ್ರ ಬೇಡ.

ಕೊನೆಯದಾಗಿ ಒಂದು ವಿಷಯ. ಹರೆಯದವರಲ್ಲಿ ಒಂದು ಕಣ್ಣು ನೋವಿನೊಡನೆ ಮಂಜಾದರೆ, ಇಲ್ಲವೆ ಕೈಕಾಲಿನ ಜೋಮು ದಿನಗಟ್ಟಲೆ ಬಿಡದಿದ್ದರೆ ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು. ಅಷ್ಟರಲ್ಲಿ ತಾನಾಗಿ ವಾಸಿಯಾದರೂ ಅದು ಬಂದ ತಾರೀಖನ್ನು ಬರೆದಿಟ್ಟು ನರರೋಗತಜ್ಞರಿಗೆ ತೋರಿಸತಕ್ಕದ್ದು. ಮಿದುಳಿನ ಎಂ. ಆರ್. ಐ. ಚಿತ್ರ ತೆಗೆಯಿಸುವ ಅನುಕೂಲವೂ ಈ ರೋಗವನ್ನು ಬಲ್ಲ ವೈದ್ಯರೂ ಇಲ್ಲಿಂದ ಸುಮಾರು ಐವತ್ತು ಕಿಲೋಮೀಟರು ದೂರದ ಮಂಗಳೂರಿನಲ್ಲಿಯೇ ಇದ್ದಾರೆ.