ಒಂದೇ ದೀಪದ ಕೆಳಗೆ



ಓದುವ ಮಕ್ಕಳು ಆಟದ ಹುಚ್ಚಿನಿಂದ ಕೆಡುತ್ತಾರೆಂಬ ದೂರು ಹೊಸದಲ್ಲ. ಈಚೆಗೆ ನಮ್ಮವರ ಮನೆಯಲ್ಲಿಯೇ ಅದು ಎದ್ದಿತು. ನನ್ನ ತಂಗಿಯ ಮೊಮ್ಮಗಳು ಚಾಮರಾಜನಗರದಲ್ಲಿ ಎಂ.ಎ. ಓದುತ್ತಿದ್ದಾಳೆ. ಮಾರನೆಯ ದಿನ ಒಪ್ಪಿಸಬೇಕಾದ ಪ್ರಬಂಧವನ್ನು ರಾತ್ರಿ ಬರೆಯಲು ಕುಳಿತು, ಪಕ್ಕದಲ್ಲಿ ಮೊಬೈಲನ್ನು ತಂಬಿಗೆಗೆ ಒರಗಿಸಿಟ್ಟುಕೊಂಡು ಪಂದ್ಯ ನೋಡುವುದು ಅವಳ ಪದ್ಧತಿ. ಅವಳ ತಾಯಿ ನನಗೆ ಹೇಳಿಕಳುಹಿಸಿದಳು: 'ಮಾವ, ನೀವು ಮೇಷ್ಟರಾಗಿದ್ದವರು. ಬಂದು ಇವಳಿಗೆ ಸ್ವಲ್ಪ ಬುದ್ಧಿ ಹೇಳಿ.' ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನ್ನನ್ನು ಕಾಡಿದುದು ಒಂದೇ ಪ್ರಶ್ನೆ. ಬುದ್ಧಿ ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು?

1983ರಲ್ಲಿ ನಾನು ಹಗಲು ಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದೆ, ಸಂಜೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ, ರಾತ್ರಿ ಎಂ.ಎ. ಓದುತ್ತಿದ್ದೆ. ಆಗ ಚಾಮರಾಜನಗರ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1997ರಲ್ಲಿ. ಸ್ನಾತಕೋತ್ತರ ಕೇಂದ್ರ ಅಲ್ಲಿಗೆ ಬಂದುದು ಇನ್ನೂ ತಡವಾಗಿ. 2023ರಲ್ಲಿ ಅದು ವಿಶ್ವವಿದ್ಯಾನಿಲಯವೂ ಆಯಿತು. ನಮ್ಮಂಥವರಿಗೆ ಆಗ ಇದ್ದ ದಾರಿ, ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಆರಂಭಿಸಿದ್ದ ಅಂಚೆ ತೆರಪಿನ ಶಿಕ್ಷಣ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ನಾವು ಬರೆದ ಪ್ರಬಂಧಗಳು ಅಂಚೆಯಲ್ಲಿ ಹೋಗುತ್ತಿದ್ದವು. ಗುರುವಿನ ಮುಖವನ್ನು ನಾವು ಕೆಂಪು ಶಾಯಿಯಲ್ಲಿ ಮಾತ್ರ ಕಂಡವರು.

ನಮ್ಮದು ಒಂದೇ ಕೋಣೆಯ ಮನೆ. ಅದಕ್ಕೆ ಒಂದೇ ವಿದ್ಯುದ್ದೀಪ, ಒಂದೇ ರೇಡಿಯೋ. ಆ ಕಾಲದ ಗುಂಡ್ಲುಪೇಟೆಗೆ ರಾತ್ರಿಯೆಂಬುದೂ ಅರ್ಧವೇ ಇತ್ತು. ವಯನಾಡಿಗೂ ಊಟಿಗೂ ಹೋಗುವ ಲಾರಿಗಳು ಬೆಳತನಕ ಹೆದ್ದಾರಿಯಲ್ಲಿ ಗುಡುಗುತ್ತಿದ್ದವು. ಬಂಡೀಪುರದ ಕಾಡಿನ ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿರ್ಬಂಧಿಸಿದುದು 2009ರಲ್ಲಿ. ಆ ಮೇಲೆ ಊರಿಗೆ ಬಂದ ನಿಶ್ಶಬ್ದದಲ್ಲಿ ಎಷ್ಟೋ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ! ಲಾರಿಯ ಸದ್ದಿಲ್ಲದೆ ಓದಿ ಅಭ್ಯಾಸವಿರದ ಕಿವಿ ನನ್ನದು.

ಆ ಜೂನ್ ತಿಂಗಳಲ್ಲಿ ನಾನು ಬರೆಯಬೇಕಾಗಿದ್ದುದು ಸಂಚಿಯ ಹೊನ್ನಮ್ಮನನ್ನು ಕುರಿತು. ನಮ್ಮ ಪಕ್ಕದ ಯಳಂದೂರಿನವಳು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದುಕೊಂಡು, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವನ್ನು ರಚಿಸಿದವಳು. ಊಳಿಗ ಮುಗಿದ ಮೇಲೆ ಯಾವ ಹೊತ್ತಿನಲ್ಲಿ, ಯಾರ ದೀಪದಲ್ಲಿ ಅವಳು ಬರೆದಳೋ! ನಾನು ಇದನ್ನು ಆಗ ಯೋಚಿಸಲಿಲ್ಲ. ನನ್ನ ಯೋಚನೆಯೆಲ್ಲ ಇಂಗ್ಲೆಂಡಿನಲ್ಲಿತ್ತು. ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದ ತಂಡವನ್ನು ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದು ಮೇಲೆತ್ತಿದ್ದ. ಅವನೊಡನೆ ಕೊನೆಯವರೆಗೆ ನಿಂತವನು ನಮ್ಮ ಕರ್ನಾಟಕದ ಕಿರ್ಮಾನಿ. ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126 ರನ್. ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಆ ವಿಶ್ವಕಪ್ಪಿನಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದ. ಹೀಗಿರುವಾಗ ಹೊನ್ನಮ್ಮನೊಬ್ಬಳನ್ನೇ ಕಟ್ಟಿಕೊಂಡು ಕುಳಿತಿರುವುದು ಹೇಗೆ?

ಜೂನ್ 25, ಶನಿವಾರ. ನಮ್ಮ ತಂಡ 183ಕ್ಕೆ ಮುಗಿದಾಗ ನಾನು ರೇಡಿಯೋವನ್ನು ಆರಿಸಿ ಒಂದು ಪುಟ ಬರೆದೆ. ಮನಸ್ಸು ತಡೆಯಲಿಲ್ಲ. ಮತ್ತೆ ಹಾಕಿ, ಸದ್ದನ್ನು ಪಿಸುಮಾತಿಗೆ ಇಳಿಸಿ, ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಬಲಗೈಯಲ್ಲಿ ಬರೆಯತೊಡಗಿದೆ. ಧ್ವನಿ ಅಲೆಯಂತೆ ಬಂದು ಹೋಗುತ್ತಿತ್ತು. ರಿಚರ್ಡ್ಸ್ 33 ರನ್ ಮಾಡಿ ಮದನಲಾಲನ ಚೆಂಡನ್ನು ಮೇಲಕ್ಕೆ ಹೊಡೆದ. ಕಪಿಲ್ ಹಿಂದಕ್ಕೆ ಓಡಿ ಹಿಡಿದ. ನಡುರಾತ್ರಿ ಸಮೀಪಿಸುವ ಹೊತ್ತಿಗೆ ವೆಸ್ಟ್ ಇಂಡೀಸ್ 140ಕ್ಕೆ ಮುಗಿದಿತ್ತು. ಕೂಗುವಂತಿರಲಿಲ್ಲ. ತಾಯಿ ಮಲಗಿದ್ದರು, ಗೋಡೆಯ ಕಡೆಗೆ ಮುಖ ಮಾಡಿ ತಂಗಿ ಮಲಗಿದ್ದಳು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಅವಳು ಮಾರುವ ಹೂವನ್ನು ಕಟ್ಟಬೇಕಾಗಿತ್ತು. ನಾನು ಹೊರಗೆ ಹೋಗಿ ಲಾರಿಗಳ ಸದ್ದಿನ ನಡುವೆ ಒಂದು ಸಲ ಕೂಗಿ ಬಂದೆ.

ಪ್ರಬಂಧ ಹೋಯಿತು, ತಿದ್ದಿ ಮರಳಿ ಬಂತು. ಮೂರನೆಯ ಪುಟದಲ್ಲಿ, ಹೊನ್ನಮ್ಮನ ಗುರು ಸಿಂಗರಾರ್ಯನ ಹೆಸರಿನ ಮುಂದೆ ನಾನು '6 ವಿಕೆಟ್‌ಗೆ 76' ಎಂದು ಬರೆದಿದ್ದೆ. ಪರೀಕ್ಷಕರು ಅದಕ್ಕೆ ಕೆಂಪು ವೃತ್ತ ಹಾಕಿ, 'ಆಧಾರವೇನು?' ಎಂದು ಕೇಳಿದ್ದರು. ಆ ವರ್ಷ ಪರೀಕ್ಷೆಯಲ್ಲಿ ಒಂದು ಪತ್ರಿಕೆ ನನಗೆ ದಕ್ಕಲಿಲ್ಲ. ವಿದ್ಯುತ್ತು ಪದೇಪದೇ ಹೋಗುತ್ತಿದ್ದುದೇ ಕಾರಣವೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆಡುವವರಲ್ಲಿ ಇದಕ್ಕಿಂತ ಗಟ್ಟಿ ಮನಸ್ಸಿನವರಿದ್ದರು. ಎರಪಳ್ಳಿ ಪ್ರಸನ್ನ 1962ರಲ್ಲಿ ಭಾರತದ ಪರವಾಗಿ ಆಡಿ, ವೆಸ್ಟ್ ಇಂಡೀಸ್ ಪ್ರವಾಸವನ್ನೂ ಮುಗಿಸಿ ಬಂದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದನ್ನು ಪೂರೈಸಲು ಕುಳಿತರು. ಮುಂದಿನ ಟೆಸ್ಟ್ ಅವರಿಗೆ ದೊರೆತುದು 1967ರಲ್ಲಿ. ಒಟ್ಟು 189 ವಿಕೆಟ್ ಪಡೆದ ಕೈ ಐದು ವರ್ಷ ಕಾದಿತು. ಆಟಗಾರನೇ ಪದವಿಗಾಗಿ ಆಟವನ್ನು ಬಿಟ್ಟಿರಲು, ಆಟವನ್ನು ಬರಿದೆ ಕೇಳುವ ನಾನು ಪದವಿಯನ್ನು ಪಣಕ್ಕಿಟ್ಟೆ. ನಗಬೇಡಿ, ಕೇಳುವವನ ಮೋಹ ಆಡುವವನ ಮೋಹಕ್ಕಿಂತ ದೊಡ್ಡದು.

ನಾನು ಚಾಮರಾಜನಗರ ತಲುಪಿದುದು 2025ರ ನವೆಂಬರ್ 2, ಭಾನುವಾರ ಸಂಜೆ. ಅಂದು ನವಿಮುಂಬಯಿಯಲ್ಲಿ ಮಹಿಳೆಯರ ವಿಶ್ವಕಪ್ಪಿನ ಅಂತಿಮ ಪಂದ್ಯ. ಮಳೆಯಿಂದಾಗಿ ತಡವಾಗಿ ಆರಂಭವಾಗಿತ್ತು. ಹುಡುಗಿ ಎಂದಿನಂತೆ ಕುಳಿತಿದ್ದಳು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ತಂಗಿ ಒಳಗಿನಿಂದ ಬಂದು ಪಕ್ಕದಲ್ಲಿ ಕುಳಿತಳು. 'ಅಣ್ಣ, ನೀನು ಅವಳಿಗೆ ಏನು ಹೇಳುತ್ತೀಯ? ಆವತ್ತು ಬ್ಯಾಕಸ್ ಕ್ಯಾಚನ್ನು ಕಿರ್ಮಾನಿ ಹಿಡಿದಾಗ ನೀನು ಮಸಿಕುಡಿಕೆ ಉರುಳಿಸಲಿಲ್ಲವೇ?'

ನಾನು ಬೆರಗಾದೆ. 'ನೀನು ಮಲಗಿದ್ದೆಯಲ್ಲ?'

'ಕಣ್ಣಿಗೆ ದೀಪ ಬೀಳುತ್ತಿದ್ದರೆ ಯಾರಿಗೆ ನಿದ್ದೆ ಬರುತ್ತೆ? ಮೂರು ವರ್ಷ ನಾನು ಮಲಗಿದ್ದೇ ಹಾಗೆ. ನೀನು ಹೊನ್ನಮ್ಮನನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅದೂ ನನಗೆ ಬಾಯಿಗೆ ಬಂದಿತ್ತು.' ಹೀಗೆಂದವಳು ತಡೆಯದೆ ಏಳೆಂಟು ಪದ್ಯಗಳನ್ನು ಹೇಳಿಬಿಟ್ಟಳು. ಅವುಗಳಲ್ಲಿ ಹೆಣ್ಣೆಂದು ಜರೆಯುವವರನ್ನು ಹೊನ್ನಮ್ಮ ಕೇಳುವ ಆ ಪದ್ಯವೂ ಇತ್ತು. ಅದನ್ನು ನಾನು ಪರೀಕ್ಷೆಯಲ್ಲಿ ಮರೆತುಬಂದಿದ್ದೆ.

ಆ ವರ್ಷ ಅವಳು ಎಸ್.ಎಸ್.ಎಲ್.ಸಿ. ಪಾಸಾಗಿದ್ದಳು. ಪಿ.ಯು.ಸಿ.ಗೆ ಹೋಗುತ್ತೀಯಾ ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಲಿಲ್ಲ. ಯಾರೂ ಎಂಬುದರಲ್ಲಿ ನಾನೂ ಸೇರಿದ್ದೇನೆ. ಮರುವರ್ಷ ಮದುವೆಯಾಯಿತು. ನಾನು ಉಳಿದ ಪತ್ರಿಕೆಯನ್ನು ಬರೆದು ಎಂ.ಎ. ಆಗಿ, ಮೇಷ್ಟರಾಗಿ, ನಿವೃತ್ತನೂ ಆದೆ.

ಮೊಬೈಲಿನೊಳಗೆ ನಡುರಾತ್ರಿ ಕಳೆದಿತ್ತು. ದೀಪ್ತಿ ಶರ್ಮಾ ಐದನೆಯ ವಿಕೆಟ್ಟನ್ನು ಪಡೆದಳು. ಕೊನೆಯ ಕ್ಯಾಚು ನಾಯಕಿ ಹರ್ಮನ್‌ಪ್ರೀತಳದು. 52 ರನ್ನಿನ ಗೆಲುವು. ತಂಗಿ ಕೂಗಿದ ಕೂಗಿಗೆ ಬೀದಿಯ ನಾಯಿಗಳು ಎದ್ದವು. ಅವಳನ್ನು ಹಾಗೆ ಕೂಗಿದುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

'ಎಷ್ಟು ಪುಟ ಉಳಿದಿದೆಯೇ?' ಎಂದು ಮೊಮ್ಮಗಳನ್ನು ಕೇಳಿದಳು.

'ನಾಲ್ಕು, ಅಜ್ಜಿ.'

'ಬರಿ. ನಾನು ಕೂತಿರುತ್ತೇನೆ' ಎಂದು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ನನ್ನನ್ನು ಕರೆಸಿದುದು ಯಾವ ಕೆಲಸಕ್ಕೆಂಬುದು ಬೆಳಿಗ್ಗೆ ಬಸ್ಸು ತೆರಕಣಾಂಬಿಯನ್ನು ದಾಟುವಾಗ ನೆನಪಾಯಿತು.