ಹಿತ್ತಿಲಲ್ಲೊಂದು ನೆಮ್ಮದಿಯ ಕಟ್ಟೆ

(ಯುಗಾದಿ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಪಾಠ)



ಪಂಚಾಂಗದಂತೆ ವಸಂತ ಬಂದಿದೆ. ಆದರೆ ಷಿಕಾಗೋದ ನೆಲಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಎಳೆಯ ಗಿಡಗಳನ್ನು ಸುಡುವ ಇರುಳ ಹಿಮದ ಭಯ ಇಲ್ಲಿ ತೊಲಗಬೇಕಾದರೆ ಮೇ ತಿಂಗಳ ನಡುಭಾಗ ಕಳೆಯಬೇಕು. ಹೀಗಾಗಿ ಗುದ್ದಲಿ ಹಿಡಿಯುವ ಮುನ್ನ ಆಲೋಚಿಸಲು ನಮಗೆ ಕೆಲವು ವಾರಗಳ ಬಿಡುವಿದೆ. ಮನೆಯ ಹಿಂದೆ ವಿಶ್ರಾಂತಿಗೂ ಮನನಕ್ಕೂ ಒದಗುವ ಒಂದು ಪುಟ್ಟ ತೋಟವನ್ನು ರೂಪಿಸುವ ಬಗೆಯನ್ನು ಕುರಿತು ಈ ಸಂಜೆ ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇವೆ.

ನಾವು ಈ ನಾಡಿಗೆ ಬಂದು ಮನೆ ಕೊಂಡೆವು. ಮನೆಯೊಡನೆ ಹಿತ್ತಿಲೂ ಬಂತು. ಶನಿವಾರ ಅದರ ಹುಲ್ಲನ್ನು ಕತ್ತರಿಸುತ್ತೇವೆ, ಭಾನುವಾರ ಕಿಟಕಿಯಿಂದ ನೋಡುತ್ತೇವೆ. ಅಲ್ಲಿಗೆ ಹೋಗಿ ಕೂರುವುದು ಮಾತ್ರ ಅಪರೂಪ. ನೆಮ್ಮದಿಯೆಂಬುದು ಊರಿಗೆ ಹೋದಾಗ ದೊರಕುವ ವಸ್ತು ಎಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಊರಿನ ಆ ಮೂರು ವಾರಗಳಾದರೋ ಮದುವೆ ಮುಂಜಿ, ಬಂಧುಗಳ ಮನೆ, ಬ್ಯಾಂಕಿನ ಕೆಲಸಗಳಲ್ಲಿ ಕರಗಿಹೋಗುತ್ತವೆ. ಹೀಗೆ ಅಲ್ಲಿಯೂ ಕೂರದೆ, ಇಲ್ಲಿಯೂ ಕೂರದೆ ವರ್ಷಗಳು ಸರಿಯುತ್ತವೆ.

ಇದು ನಮಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಆರು ತಿಂಗಳ ಮಟ್ಟಿಗೆ ಬಂದು ನಮ್ಮೊಡನಿರುವ ತಂದೆತಾಯಿಗಳನ್ನು ನೆನೆಯೋಣ. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೊರಟ ಮೇಲೆ ಸಂಜೆಯವರೆಗೆ ಅವರಿಗೆ ನಾಲ್ಕು ಗೋಡೆಗಳೇ ಜಗತ್ತು. ಕಾರು ನಡೆಸಲಾರರು, ಹೋಗಿಬರುವವರನ್ನು ಮಾತನಾಡಿಸಲು ಜಗಲಿಯಿಲ್ಲ. ಹಿತ್ತಿಲಲ್ಲಿ ಒಂದಿಷ್ಟು ನೆರಳು, ಬೆನ್ನಿಗೆ ಆಸರೆಯಿರುವ ಒಂದು ಬೆಂಚು, ನೀರೆರೆಯಲು ನಾಲ್ಕು ಗಿಡಗಳಿದ್ದರೆ, ಯಾರ ಹಂಗೂ ಇಲ್ಲದೆ ತಾವಾಗಿಯೇ ಹೋಗಬಲ್ಲ ಒಂದು ಸ್ಥಳ ಅವರಿಗೆ ದೊರೆತಂತಾಗುತ್ತದೆ.

ತೋಟವೆಂದೊಡನೆ ನರ್ಸರಿಗೆ ಧಾವಿಸುವುದು ವಾಡಿಕೆ. ವಿಶ್ರಾಂತಿಯ ತೋಟದ ಕ್ರಮವೇ ಬೇರೆ: ಮೊದಲು ಕೂರುವ ಜಾಗ, ಅನಂತರ ಗಿಡ. ಒಂದು ಕುರ್ಚಿಯನ್ನು ಹಿತ್ತಿಲ ನಾಲ್ಕೈದು ಕಡೆ ಇಟ್ಟು, ಬೆಳಿಗ್ಗೆಯೂ ಸಂಜೆಯೂ ಕಾಲು ಗಂಟೆ ಕುಳಿತು ನೋಡಬೇಕು. ಪಡುವಣ ಬಿಸಿಲು ಎಲ್ಲಿ ಕಣ್ಣಿಗೆ ಹೊಡೆಯುತ್ತದೆ, ರಸ್ತೆಯ ಸದ್ದು ಎಲ್ಲಿ ಕಡಿಮೆ, ನೆರೆಮನೆಯ ಕಿಟಕಿ ಎಲ್ಲಿಂದ ಮರೆಯಾಗುತ್ತದೆ ಎಂಬುದು ಆಗ ತಿಳಿಯುತ್ತದೆ. ಬೆನ್ನ ಹಿಂದೆ ಗೋಡೆಯೋ ಪೊದೆಯೋ ಇದ್ದು, ಕಣ್ಣ ಮುಂದೆ ಬಯಲಿದ್ದರೆ ಒಳ್ಳೆಯದು. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ ಸಾಕು. ಪುಟ್ಟ ಪಂಪಿನಿಂದ ನೀರು ಜಿನುಗುವ ಒಂದು ಕಲ್ಲಿನ ತೊಟ್ಟಿಯನ್ನಿಟ್ಟರೆ ರಸ್ತೆಯ ಸದ್ದು ಹಿಂದೆ ಸರಿಯುತ್ತದೆ. ಹರಿಯುವ ನೀರಾದ್ದರಿಂದ ಸೊಳ್ಳೆಯ ಕಾಟವೂ ಕಡಿಮೆ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಸುಮಾರಿಗೆ. ಊಟ ಮುಗಿಸಿ ಬಂದು ಕುಳಿತರೂ ಬೆಳಕಿರುತ್ತದೆ.

ಇನ್ನು ಗಿಡಗಳ ವಿಚಾರ. ಇದೇ ನಗರದಲ್ಲಿ ಬದುಕಿದ ಇನ್ನೊಬ್ಬ ವಲಸಿಗರ ಅನುಭವ ನಮಗೆ ದಾರಿ ತೋರಬಲ್ಲುದು. ಯೆನ್ಸ್ ಯೆನ್ಸೆನ್ ೧೮೬೦ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿ, ೧೮೮೪ರಲ್ಲಿ ಅಮೆರಿಕಕ್ಕೆ ಬಂದು, ಷಿಕಾಗೋದ ಉದ್ಯಾನಗಳಲ್ಲಿ ಕೂಲಿಯಾಗಿ ದುಡಿಮೆ ಆರಂಭಿಸಿದವರು. ಅವರು ಹಾಕಿದ್ದ ಪರದೇಶದ ಹೂಗಿಡಗಳು ಒಣಗಿಹೋದವು. ಆಗ ಅವರು ಸುತ್ತಲಿನ ಪ್ರೇರಿ ಬಯಲಿಗೆ ಹೋಗಿ ಕಾಡುಹೂಗಳನ್ನು ಕಿತ್ತು ತಂದು, ೧೮೮೮ರಲ್ಲಿ ಯೂನಿಯನ್ ಪಾರ್ಕಿನಲ್ಲಿ ‘ಅಮೆರಿಕನ್ ಗಾರ್ಡನ್’ ನೆಟ್ಟರು. ಮುಂದೆ ಅವರು ದೊಡ್ಡ ಉದ್ಯಾನಶಿಲ್ಪಿಯೆನಿಸಿಕೊಂಡರು. ತಮ್ಮ ತೋಟಗಳಲ್ಲಿ ಅವರು ‘ಕೌನ್ಸಿಲ್ ರಿಂಗ್’ ಎಂಬ ವರ್ತುಲಾಕಾರದ ತಗ್ಗು ಕಲ್ಲುಪೀಠವನ್ನು ಕಟ್ಟಿಸುತ್ತಿದ್ದರು. ನಡುವೆ ಬೆಂಕಿ, ಸುತ್ತಲೂ ಜನ. ಅಲ್ಲಿ ಮೇಲು ಪಂಕ್ತಿ, ಕೆಳ ಪಂಕ್ತಿಯೆಂಬುದಿಲ್ಲ. ಅಶ್ವತ್ಥದ ಕಟ್ಟೆಯನ್ನು ಕಂಡ ನಮಗೆ ಅದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಮಣ್ಣಿನ ಗಿಡಗಳನ್ನು ಈ ಮಣ್ಣಿನಲ್ಲಿಯೇ ನೆಡೋಣ. ಪರ್ಪಲ್ ಕೋನ್‌ಫ್ಲವರ್, ಲಿಟ್ಲ್ ಬ್ಲೂಸ್ಟೆಮ್ ಹುಲ್ಲು ಮೊದಲಾದವು ಮೊದಲ ವರ್ಷ ನೀರು ಕಂಡರೆ ಸಾಕು, ಬಳಿಕ ತಮ್ಮ ಬದುಕನ್ನು ತಾವೇ ನೋಡಿಕೊಳ್ಳುತ್ತವೆ. ಇವುಗಳ ನಡುವೆ ನಮಗೊಬ್ಬ ಬಂಧುವೂ ಉಂಟು. ಇಲ್ಲಿಯ ಮಿಲ್ಕ್‌ವೀಡ್ ನಮ್ಮ ಎಕ್ಕದ ಗಿಡದ ಕುಲಕ್ಕೇ ಸೇರಿದುದು. ಎಲೆ ಮುರಿದರೆ ಅದೇ ಬಿಳಿಯ ಹಾಲು. ಆ ಹಾಲು ವಿಷಕಾರಿಯಾದ್ದರಿಂದ ಮಕ್ಕಳು ಮುಟ್ಟಿದರೆ ಕೈತೊಳೆಯುವಂತೆ ಹೇಳಬೇಕು. ನಮ್ಮೂರಿನಲ್ಲಿ ಎಕ್ಕದ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಯ ಸೋದರ ಸಂಬಂಧಿಯಾದ ಮೊನಾರ್ಕ್ ಚಿಟ್ಟೆ ಇಲ್ಲಿ ಮಿಲ್ಕ್‌ವೀಡಿನ ಮೇಲೆ ಮೊಟ್ಟೆಯಿಡುತ್ತದೆ. ಬೇಸಗೆಯ ಕೊನೆಗೆ ಹುಟ್ಟಿದ ಪೀಳಿಗೆ ಮೆಕ್ಸಿಕೋದ ಬೆಟ್ಟಗಳವರೆಗೆ ಹಾರುತ್ತದೆ. ಮರುವರ್ಷ ಇಲ್ಲಿಗೆ ತಲಪುವುದು ಅದರ ಮಕ್ಕಳು, ಮೊಮ್ಮಕ್ಕಳು.

ಹಾಗಾದರೆ ತುಳಸಿ, ದುಂಡುಮಲ್ಲಿಗೆ, ಕರಿಬೇವುಗಳ ಗತಿಯೇನೆಂದು ತಾವು ಕೇಳಬಹುದು. ಅವನ್ನು ಕೈಬಿಡಬೇಕಾಗಿಲ್ಲ, ಅವಕ್ಕೆ ಕುಂಡವೇ ನೆಲೆ. ರಾತ್ರಿಯ ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುನ್ನವೇ ಕುಂಡಗಳನ್ನು ಒಳಗೆ ತಂದು ತೆಂಕಣ ಕಿಟಕಿಯ ಬಳಿ ಇಡಬೇಕು. ಚಳಿಗಾಲದಲ್ಲಿ ನೀರು ಮಿತವಾಗಿರಬೇಕು. ಮೇ ಕೊನೆಯಲ್ಲಿ ಹೊರಗೆ ಒಯ್ದಾಗ ಒಮ್ಮೆಗೇ ಬಿಸಿಲಿಗೊಡ್ಡದೆ, ಒಂದು ವಾರ ನೆರಳಿನಲ್ಲಿಟ್ಟು ಪಳಗಿಸಬೇಕು. ಬೆಂಚಿನ ಪಕ್ಕದಲ್ಲಿಯೇ ಮಲ್ಲಿಗೆಯ ಕುಂಡವಿದ್ದರೆ ಜುಲೈ ತಿಂಗಳ ಸಂಜೆಗೆ ಬೇರೆ ಅಲಂಕಾರ ಬೇಡ. ಊರಿನಿಂದ ತಂದುದನ್ನು ಕುಂಡದಲ್ಲಿ ಕಾಪಾಡಿಕೊಳ್ಳುತ್ತ, ಇಲ್ಲಿ ದೊರೆತುದನ್ನು ನೆಲಕ್ಕೆ ಬೇರೂರಿಸುವುದು ನಮ್ಮಂಥವರ ತೋಟಕ್ಕೆ ಸಹಜವಾದ ವಿಧಾನವೆಂದು ನಾವು ತಿಳಿದಿದ್ದೇವೆ.

ಕೊನೆಯದಾಗಿ, ತುಂಬುವ ಆಸೆಯನ್ನು ತಡೆಯಬೇಕು. ಗ್ಲೆಂಕೋದಲ್ಲಿರುವ ಷಿಕಾಗೋ ಬೊಟಾನಿಕ್ ಗಾರ್ಡನ್ನಿನಲ್ಲಿ ಕೊಯಿಚಿ ಕವಾನಾ ಅವರು ರೂಪಿಸಿದ, ೧೯೮೨ರಲ್ಲಿ ತೆರೆದ ‘ಸಾನ್‌ಶೋ-ಎನ್’ ಎಂಬ ಜಪಾನೀ ಉದ್ಯಾನವಿದೆ. ಅದರಲ್ಲಿ ಮೂರು ದ್ವೀಪಗಳು. ಎರಡಕ್ಕೆ ನಡೆದುಹೋಗಬಹುದು, ನಿತ್ಯಾನಂದದ ನೆಲೆಯೆನಿಸಿದ ಮೂರನೆಯದಕ್ಕೆ ದಾರಿಯನ್ನೇ ಇರಿಸಿಲ್ಲ. ದಡದಲ್ಲಿ ನಿಂತು ನೋಡಬೇಕು, ಅಷ್ಟೇ. ನಮ್ಮ ಹಿತ್ತಿಲಲ್ಲಿಯೂ ಒಂದು ಮೂಲೆಯನ್ನು ಹಾಗೆ ಬರಿದಾಗಿ ಬಿಡೋಣ: ನಾಲ್ಕು ಕಲ್ಲು, ಒಂದಿಷ್ಟು ಹುಲ್ಲು. ಕೆಲಸವಿಲ್ಲದ ಆ ಮೂಲೆ ಕಣ್ಣಿಗೂ ಬಿಡುವು ಕೊಡುತ್ತದೆ. ಚಳಿಗಾಲಕ್ಕೆಂದು ಅಡುಗೆಮನೆಯ ಕಿಟಕಿಗೆ ಕಾಣುವಂತೆ ಒಂದು ರೆಡ್‌ಟ್ವಿಗ್ ಡಾಗ್‌ವುಡ್ ನೆಟ್ಟರೆ, ಎಲೆಯುದುರಿದ ಮೇಲೂ ಅದರ ಕೆಂಪು ಕಡ್ಡಿಗಳು ಹಿಮದ ನಡುವೆ ಎದ್ದು ಕಾಣುತ್ತವೆ.

ಬಂಧುಗಳೇ, ಇಷ್ಟೆಲ್ಲ ಮಾಡಿಯೂ ಬೆಂಚು ಖಾಲಿಯಾಗಿಯೇ ಉಳಿದರೆ ಪ್ರಯೋಜನವಿಲ್ಲ. ಈ ಬೇಸಗೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಫೋನನ್ನು ಒಳಗಿಟ್ಟು, ಹಿರಿಯರನ್ನೋ ಮಗುವನ್ನೋ ಜೊತೆಗೆ ಕರೆದುಕೊಂಡು ಹೋಗಿ ಕೂರೋಣ. ಮಾತು ಬಂದರೆ ಕನ್ನಡದಲ್ಲಿ ಆಡೋಣ, ಬಾರದಿದ್ದರೆ ಸುಮ್ಮನಿರೋಣ. ಎಲ್ಲರ ಹಿತ್ತಿಲುಗಳೂ ಹಸಿರಾಗಲೆಂದು ಹಾರೈಸುತ್ತೇವೆ.